ಶನಿವಾರದ ಬೆಳಗು, ಸಿಹಿಧಾನ್ಯದ ಬಟ್ಟಲು: ಬಾಲ್ಯದ ನೆನಪು ಬಂಡವಾಳವಾದ ಬಗೆ

2014ರ ಸೆಪ್ಟೆಂಬರ್ 27, ಶನಿವಾರ. ಅಮೆರಿಕದ ದೂರದರ್ಶನ ಜಗತ್ತಿನಲ್ಲಿ ಅರ್ಧ ಶತಮಾನದಿಂದ ನಡೆದುಬಂದಿದ್ದ ಒಂದು ಪದ್ಧತಿ ಅಂದು ಸದ್ದಿಲ್ಲದೆ ಮುಗಿಯಿತು. ಸಿಡಬ್ಲ್ಯೂ ಎಂಬ ಪ್ರಸಾರ ಜಾಲವು ಶನಿವಾರ ಬೆಳಿಗ್ಗೆ ಮಕ್ಕಳಿಗಾಗಿ ಬಿತ್ತರಿಸುತ್ತಿದ್ದ ‘ವೋರ್ಟೆಕ್ಸ್’ ಕಾರ್ಟೂನ್ ಮಾಲಿಕೆಯನ್ನು ಆ ದಿನ ನಿಲ್ಲಿಸಿತು. ಉಳಿದ ದೊಡ್ಡ ಜಾಲಗಳು ಅದಕ್ಕೆ ಮೊದಲೇ ಈ ರೂಢಿಯನ್ನು ಕೈಬಿಟ್ಟಿದ್ದವು. ಸುದ್ದಿ ತಿಳಿದು ಮರುಗಿದವರು ಮಕ್ಕಳಲ್ಲ. ಯಾವ ಹೊತ್ತಿನಲ್ಲಾದರೂ ಕಾರ್ಟೂನ್ ತೋರಿಸುವ ವಾಹಿನಿಗಳೂ ಅಂತರಜಾಲವೂ ಆ ವೇಳೆಗೆ ಅವರ ಕೈಗೆಟುಕಿದ್ದವು. ಮರುಗಿದವರು ಅವರ ತಂದೆತಾಯಿಯರು, ಅಜ್ಜ ಅಜ್ಜಿಯರು.

ಆ ಮರುಕಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿದೆ. ಬೆಳೆದು ದೊಡ್ಡವರಾದ ಗ್ರಾಹಕರು ತಮ್ಮ ಬಾಲ್ಯದ ತಿನಿಸನ್ನೂ ಬಾಲ್ಯದ ಚಿತ್ರಗಳನ್ನೂ ಹಣ ಕೊಟ್ಟು ಮತ್ತೆ ಕೊಳ್ಳುತ್ತಾರೆಂಬುದನ್ನು ಅಮೆರಿಕದ ಕಂಪನಿಗಳು ಚೆನ್ನಾಗಿ ಬಲ್ಲವು. ಆದರೆ ಅದೇ ನೆನಪು ತಯಾರಕರ ಮೇಲೆ ಆರೋಪವಾಗಿ ತಿರುಗಿಬಿದ್ದ ಉದಾಹರಣೆಗಳೂ ಉಂಟು. ಮಕ್ಕಳ ತಿನಿಸು, ಆಟಿಕೆ, ಉಡುಪು, ಲೇಖನ ಸಾಮಗ್ರಿಗಳನ್ನು ತಯಾರಿಸುವ ಹಾಗೂ ಮಾರುವ ಉದ್ಯಮಿಗಳು ಈ ಕಥೆಯ ಎರಡೂ ಮಗ್ಗುಲುಗಳನ್ನು ಅರಿತಿರುವುದು ಒಳಿತು.

ಆ ಬೆಳಗಿನ ಚಿತ್ರ

1960ರಿಂದ 1990ರವರೆಗಿನ ದಶಕಗಳಲ್ಲಿ ಬೆಳೆದ ಅಮೆರಿಕನ್ನರು ತಮ್ಮ ಬಾಲ್ಯವನ್ನು ನೆನೆಯುವಾಗ ಆಡುವ ಮಾತುಗಳಲ್ಲಿ ಬೆರಗಾಗುವಷ್ಟು ಸಾಮ್ಯವಿದೆ. ಶನಿವಾರ ಶಾಲೆಗೆ ರಜೆ. ವಾರವಿಡೀ ದುಡಿದ ತಂದೆತಾಯಿಯರು ತಡವಾಗಿ ಏಳುವ ದಿನ. ಮಕ್ಕಳು ಮಾತ್ರ ಯಾರೂ ಎಬ್ಬಿಸದೆ ತಾವಾಗಿಯೇ ಎದ್ದು, ರಾತ್ರಿಯ ಉಡುಪಿನಲ್ಲೇ ಟಿ.ವಿ. ಮುಂದೆ ನೆಲದ ಮೇಲೆ ಕೂರುತ್ತಿದ್ದರು. ಪೆಟ್ಟಿಗೆಯಿಂದ ಬಟ್ಟಲಿಗೆ ಸಿಹಿಧಾನ್ಯ ಸುರಿದು ತಣ್ಣನೆಯ ಹಾಲು ಹೊಯ್ದರೆ ಉಪಾಹಾರ ಸಿದ್ಧ. ಒಲೆ ಹಚ್ಚುವ ಕೆಲಸವಿಲ್ಲವಾದ್ದರಿಂದ ದೊಡ್ಡವರ ನೆರವು ಬೇಕಿರಲಿಲ್ಲ. ಧಾನ್ಯದ ಬಣ್ಣ ಹಾಲಿಗಿಳಿದು, ಕೊನೆಗೆ ಬಟ್ಟಲೆತ್ತಿ ಆ ಬಣ್ಣದ ಹಾಲನ್ನು ಕುಡಿಯುವುದೇ ಒಂದು ಸಂಭ್ರಮ. ಪೆಟ್ಟಿಗೆಯ ಹಿಂಬದಿಯಲ್ಲಿ ಒಗಟು, ಒಳಗೊಂದು ಪುಟ್ಟ ಆಟಿಕೆ. ಆ ಆಟಿಕೆ ಯಾರಿಗೆ ಸೇರಬೇಕೆಂದು ಒಡಹುಟ್ಟಿದವರ ನಡುವೆ ಜಗಳ. ಮಧ್ಯಾಹ್ನದ ಹೊತ್ತಿಗೆ ಕಾರ್ಟೂನ್ ಮುಗಿಯುತ್ತಿದ್ದಂತೆ ಎಲ್ಲರೂ ಬೀದಿಗೆ ಆಡಲು ಓಡುತ್ತಿದ್ದರು.

ಈ ನೆನಪಿನ ಸವಿಗೆ ಕಾರಣಗಳು ಎರಡು. ಮೊದಲನೆಯದು ಕಾಯುವಿಕೆ. ಕಾರ್ಟೂನು ವಾರಕ್ಕೊಮ್ಮೆ, ಗೊತ್ತಾದ ಹೊತ್ತಿಗೆ ಮಾತ್ರ ಬರುತ್ತಿತ್ತು. ದೇಶದ ಮೂಲೆ ಮೂಲೆಯ ಮಕ್ಕಳು ಒಂದೇ ಬೆಳಿಗ್ಗೆ ಅದೇ ಕಥೆಯನ್ನು ನೋಡಿ ಸೋಮವಾರ ಶಾಲೆಯಲ್ಲಿ ಅದರದೇ ಮಾತಾಡುತ್ತಿದ್ದರು. ಎರಡನೆಯದು ಸ್ವಾತಂತ್ರ್ಯ. ವಾರದಲ್ಲಿ ಆ ಮೂರು ನಾಲ್ಕು ಗಂಟೆಗಳು ಮಾತ್ರ ಮಗುವಿನ ಸ್ವಂತದವು. ಇವೆರಡನ್ನೂ ಮಕ್ಕಳಿಗೆ ಒದಗಿಸಿಕೊಟ್ಟದ್ದು ವ್ಯಾಪಾರದ ಲೆಕ್ಕಾಚಾರವೇ.

ಆರೋಗ್ಯಧಾಮದಲ್ಲಿ ಹುಟ್ಟಿದ ತಿನಿಸು

ಮಕ್ಕಳ ಸಿಹಿತಿನಿಸೆಂದು ಹೆಸರಾದ ಈ ಧಾನ್ಯದ ಮೂಲ ರೋಗಿಗಳ ಪಥ್ಯದಲ್ಲಿದೆ. ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಎಂಬ ಊರಿನ ಆರೋಗ್ಯಧಾಮದಲ್ಲಿ ಡಾ. ಜಾನ್ ಹಾರ್ವೆ ಕೆಲಾಗ್ ಸಪ್ಪೆಯಾದ ಸಸ್ಯಾಹಾರವನ್ನು ಬೋಧಿಸುತ್ತಿದ್ದರು. 19ನೆಯ ಶತಮಾನದ ಕೊನೆಯ ದಶಕದಲ್ಲಿ ಅವರೂ ಅವರ ತಮ್ಮ ವಿಲ್ ಕೀತ್ ಕೆಲಾಗ್ ಅವರೂ ಬೇಯಿಸಿದ ಧಾನ್ಯವನ್ನು ಲಟ್ಟಿಸಿ ಸುಟ್ಟು ಗರಿಗರಿಯಾದ ಪದರುಗಳನ್ನು ಮಾಡುವ ವಿಧಾನ ಕಂಡುಕೊಂಡರು. ಅದಕ್ಕೆ ಸಕ್ಕರೆ ಬೆರೆಸುವುದು ಅಣ್ಣನಿಗೆ ಒಪ್ಪಿಗೆಯಾಗಲಿಲ್ಲ. ಜನರ ನಾಲಿಗೆಯನ್ನು ಅರಿತಿದ್ದ ತಮ್ಮ ಬೇರೆಯಾಗಿ 1906ರಲ್ಲಿ ಸ್ವಂತ ಕಂಪನಿ ತೆರೆದರು. ಅದೇ ಆರೋಗ್ಯಧಾಮದಲ್ಲಿ ಚಿಕಿತ್ಸೆಗೆ ಬಂದಿದ್ದ ಸಿ. ಡಬ್ಲ್ಯೂ. ಪೋಸ್ಟ್ ಅದಕ್ಕೆ ಮೊದಲೇ, 1897ರಲ್ಲಿ, ‘ಗ್ರೇಪ್‌ನಟ್ಸ್’ ಎಂಬ ತಿನಿಸನ್ನು ಮಾರುಕಟ್ಟೆಗೆ ತಂದು ಪ್ರತಿಸ್ಪರ್ಧಿಯಾಗಿ ನಿಂತಿದ್ದರು.

ಇನ್ನೊಂದು ಕವಲು ಅರಳಿಸಿದ ಧಾನ್ಯದ್ದು. ಅಲೆಕ್ಸಾಂಡರ್ ಆಂಡರ್ಸನ್ ಎಂಬ ವಿಜ್ಞಾನಿ ಒತ್ತಡದಲ್ಲಿ ಕಾಯಿಸಿದ ಅಕ್ಕಿಯನ್ನು ಒಮ್ಮೆಲೇ ಹೊರಬಿಟ್ಟು ಅರಳಿಸುವ ವಿಧಾನ ಕಂಡುಹಿಡಿದರು. 1904ರ ಸೇಂಟ್ ಲೂಯಿಸ್ ವಿಶ್ವಮೇಳದಲ್ಲಿ ಕ್ವೇಕರ್ ಕಂಪನಿ ತೋಪುಗಳ ಮೂಲಕ ಅದನ್ನು ಹಾರಿಸಿ ತೋರಿಸಿತು. ಕಾದ ಮರಳಿನಲ್ಲಿ ಅಕ್ಕಿಯನ್ನು ಅರಳಿಸುವ ದಾವಣಗೆರೆಯ ಮಂಡಕ್ಕಿ ಭಟ್ಟಿಯವರಿಗೆ ಈ ತತ್ತ್ವ ಹೊಸದೆನಿಸಲಾರದು. ಕ್ವೇಕರ್ ಕಂಪನಿಯ ಹೆಚ್ಚುಗಾರಿಕೆಯೆಂದರೆ ತಯಾರಿಕೆಯ ವಿಧಾನವನ್ನೇ ಪ್ರದರ್ಶನವಾಗಿಸಿ ಅದನ್ನೇ ಜಾಹೀರಾತಿಗೂ ಬಳಸಿಕೊಂಡದ್ದು.

ಸಕ್ಕರೆ ಲೇಪಿಸಿಯೇ ಮಾರುವ ಪದ್ಧತಿ 1939ರಲ್ಲಿ ಒಂದು ಸಣ್ಣ ಪ್ರಯತ್ನವಾಗಿ ಆರಂಭವಾಯಿತು. ಎರಡನೆಯ ಮಹಾಯುದ್ಧದ ನಂತರ ಅದು ವೇಗ ಪಡೆಯಿತು. 1949ರಲ್ಲಿ ಪೋಸ್ಟ್ ಕಂಪನಿಯ ‘ಶುಗರ್ ಕ್ರಿಸ್ಪ್’ ಬಂತು. 1950ರ ದಶಕದ ಮೊದಲ ವರ್ಷಗಳಲ್ಲಿ ಕೆಲಾಗ್ಸ್‌ನ ‘ಶುಗರ್ ಫ್ರಾಸ್ಟೆಡ್ ಫ್ಲೇಕ್ಸ್’ ಮತ್ತು ‘ಶುಗರ್ ಸ್ಮ್ಯಾಕ್ಸ್’ ಬಂದವು. ಆ ಕಾಲದಲ್ಲಿ ‘ಶುಗರ್’ ಎಂಬ ಪದವೇ ಪೆಟ್ಟಿಗೆಯ ಮೇಲಿನ ಆಕರ್ಷಣೆಯಾಗಿತ್ತು. 1964ರ ‘ಲಕ್ಕಿ ಚಾರ್ಮ್ಸ್’ನ ಹುಟ್ಟು ಸರಳವಾದದ್ದು. ಜನರಲ್ ಮಿಲ್ಸ್ ಕಂಪನಿಯ ಜಾನ್ ಹೋಲಹಾನ್ ಎಂಬವರು ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಸಕ್ಕರೆ ಮಿಠಾಯಿಯನ್ನು ಚೂರು ಮಾಡಿ, ತಮ್ಮದೇ ಕಂಪನಿಯ ಓಟ್ಸ್ ತಿನಿಸಿಗೆ ಬೆರೆಸಿ ನೋಡಿದರು. ಹಳೆಯ ಉತ್ಪನ್ನ, ಹಳೆಯ ಯಂತ್ರ. ಬೆರಕೆ ಮಾತ್ರ ಹೊಸದು.

ಅಗ್ಗದ ಗಳಿಗೆಯೇ ಆಸ್ತಿ

ಶನಿವಾರದ ಬೆಳಗನ್ನು ಮಕ್ಕಳಿಗೆ ಬಿಟ್ಟುಕೊಟ್ಟದ್ದರಲ್ಲಿ ಔದಾರ್ಯವೇನೂ ಇರಲಿಲ್ಲ. ಆ ಹೊತ್ತಿನಲ್ಲಿ ದೊಡ್ಡವರು ಟಿ.ವಿ. ನೋಡುವುದು ಕಡಿಮೆಯಾದ್ದರಿಂದ ಜಾಹೀರಾತಿನ ದರವೂ ಕಡಿಮೆಯಿತ್ತು. ಆದರೆ ಸಿಹಿಧಾನ್ಯ ಮತ್ತು ಆಟಿಕೆ ತಯಾರಕರಿಗೆ ಬೇಕಾಗಿದ್ದವರು ದೊಡ್ಡವರಲ್ಲ. ಬೇರೆಯವರಿಗೆ ಬೇಡವಾದ ಗಳಿಗೆ ಅವರಿಗೆ ಹೇಳಿ ಮಾಡಿಸಿದಂತಿತ್ತು.

ಆ ಗಳಿಗೆಯನ್ನು ತುಂಬಲು ಅಗ್ಗದ ಕಾರ್ಟೂನ್ ಬೇಕಿತ್ತು. ಅದನ್ನು ಒದಗಿಸಿದವರು ವಿಲಿಯಂ ಹಾನಾ ಮತ್ತು ಜೋಸೆಫ್ ಬಾರ್ಬೆರಾ. ಚಿತ್ರಮಂದಿರಗಳಿಗಾಗಿ ‘ಟಾಮ್ ಅಂಡ್ ಜೆರ್ರಿ’ ಮಾಡಿ ಏಳು ಆಸ್ಕರ್ ಗಳಿಸಿದ್ದ ಈ ಜೋಡಿ 1957ರಲ್ಲಿ ತಮ್ಮ ವಿಭಾಗ ಮುಚ್ಚಿದಾಗ ಕೆಲಸ ಕಳೆದುಕೊಂಡಿತು. ಟಿ.ವಿ.ಗೆ ಚಿತ್ರ ಮಾಡಬೇಕಾದರೆ ಹಳೆಯ ವೆಚ್ಚದ ಅತ್ಯಲ್ಪ ಭಾಗದಲ್ಲಿ ಕೆಲಸ ಮುಗಿಸಬೇಕಿತ್ತು. ಅವರು ಪ್ರತಿ ಚೌಕಟ್ಟನ್ನೂ ಹೊಸದಾಗಿ ಬರೆಯುವುದನ್ನು ಬಿಟ್ಟು, ಬಾಯಿ, ಕೈ, ತಲೆಯಷ್ಟನ್ನೇ ಬದಲಿಸುವ ಕ್ರಮಕ್ಕೆ ಇಳಿದರು. ಯೋಗಿ ಎಂಬ ಕರಡಿಯ ಕೊರಳಿಗೆ ಕಾಲರ್ ಮತ್ತು ಟೈ ಬಂದದ್ದು ಹೀಗೆ. ದೇಹದ ಚಿತ್ರವನ್ನು ಹಾಗೆಯೇ ಇಟ್ಟು ಕಾಲರಿನಿಂದ ಮೇಲಿನ ತಲೆಯನ್ನು ಮಾತ್ರ ಬದಲಿಸಿದರೂ ಕೂಡಿಸಿದ ಗೆರೆ ಕಾಣುತ್ತಿರಲಿಲ್ಲ. ವೆಚ್ಚ ಉಳಿಸಲು ಹೂಡಿದ ಉಪಾಯವೇ ಮಕ್ಕಳ ಕಣ್ಣಿಗೆ ಆ ಪಾತ್ರದ ಗುರುತಾಯಿತು. ಯೋಗಿ ಮೊದಲು ಕಾಣಿಸಿಕೊಂಡ 1958ರ ‘ಹಕಲ್‌ಬೆರ್ರಿ ಹೌಂಡ್’ ಕಾರ್ಯಕ್ರಮದ ಪ್ರಾಯೋಜಕರು ಕೆಲಾಗ್ಸ್.

1960ರ ದಶಕದ ನಡುವಿನ ಹೊತ್ತಿಗೆ ಮೂರೂ ದೊಡ್ಡ ಜಾಲಗಳು ಶನಿವಾರದ ಬೆಳಗನ್ನು ಕಾರ್ಟೂನ್‌ಗಳಿಗೆ ಮೀಸಲಿಟ್ಟವು. 1969ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ‘ಸ್ಕೂಬಿ ಡೂ’ವಿನ ಮೊದಲ ಋತುವಿಗೆ ತಯಾರಾದದ್ದು 17 ಕಂತುಗಳು ಮಾತ್ರ. ಕಂಡದ್ದನ್ನೇ ಮತ್ತೆ ಕಾಣಲು ಮಕ್ಕಳು ಬೇಸರಪಡುವುದಿಲ್ಲವಾದ್ದರಿಂದ ಒಂದೇ ಕಂತನ್ನು ಮತ್ತೆ ಮತ್ತೆ ಪ್ರಸಾರ ಮಾಡಬಹುದಿತ್ತು. ಹಾಗೆ ಮರುಕಳಿಸಿದ್ದರಿಂದಲೇ ಆ ಪಾತ್ರಗಳು ನೆನಪಿನಲ್ಲಿ ಇಷ್ಟು ಆಳವಾಗಿ ಬೇರೂರಿದವು.

ಪೆಟ್ಟಿಗೆಯ ಮೇಲಿನ ಹುಲಿ

ಪರದೆಯ ಮೇಲಿನ ಪಾತ್ರಕ್ಕೂ ಪೆಟ್ಟಿಗೆಯ ಮೇಲಿನ ಪಾತ್ರಕ್ಕೂ ನಡುವಿನ ಗೆರೆ ಬಹಳ ತೆಳುವಾಗಿತ್ತು. ‘ಫ್ರಾಸ್ಟೆಡ್ ಫ್ಲೇಕ್ಸ್’ಗಾಗಿ ಷಿಕಾಗೋದ ಲಿಯೋ ಬರ್ನೆಟ್ ಜಾಹೀರಾತು ಸಂಸ್ಥೆ ಹುಲಿ, ಕಾಂಗರೂ, ಆನೆ, ನೂ ಎಂಬ ಆಫ್ರಿಕಾದ ಜಿಂಕೆ, ಈ ನಾಲ್ಕು ಪ್ರಾಣಿಗಳನ್ನು ಕಲ್ಪಿಸಿತ್ತು. ಮಾರುಕಟ್ಟೆಯಲ್ಲಿ ಗೆದ್ದದ್ದು ‘ಟೋನಿ’ ಎಂಬ ಹುಲಿ. ಅದಕ್ಕೆ ದನಿಯಾದ ಥರ್ಲ್ ರೇವನ್ಸ್‌ಕ್ರಾಫ್ಟ್ ಐದು ದಶಕಗಳ ಕಾಲ ಆ ಕೆಲಸ ಮಾಡಿ 2005ರಲ್ಲಿ ತೀರಿಕೊಂಡರು. ತಂದೆ ಕೇಳಿದ ದನಿಯನ್ನೇ ಮಗನೂ ಕೇಳಿದ. 1963ರಲ್ಲಿ ಬಂದ ಕ್ವೇಕರ್ ಕಂಪನಿಯ ‘ಕ್ಯಾಪ್ಟನ್ ಕ್ರಂಚ್’ನ ಜಾಹೀರಾತುಗಳನ್ನು ಜೇ ವಾರ್ಡ್ ಎಂಬ ಹೆಸರಾಂತ ಕಾರ್ಟೂನ್ ನಿರ್ಮಾಪಕರ ಸ್ಟುಡಿಯೋ ತಯಾರಿಸಿತು. 1964ರಲ್ಲಿ ಪೋಸ್ಟ್ ಕಂಪನಿಯ ಪೆಟ್ಟಿಗೆಗಳ ಮೇಲಿನ ಪಾತ್ರಗಳನ್ನೇ ಸೇರಿಸಿ ‘ಲೈನಸ್’ ಎಂಬ ಸಿಂಹದ ಪೂರ್ಣ ಕಾರ್ಯಕ್ರಮವೇ ಬಂತು. ಕಥೆ ಎಲ್ಲಿ ಮುಗಿಯಿತು, ಮಾರಾಟ ಎಲ್ಲಿ ಆರಂಭವಾಯಿತು ಎಂಬುದು ಐದು ವರ್ಷದ ಮಗುವಿಗೆ ತಿಳಿಯುವಂತಿರಲಿಲ್ಲ.

ಪೆಟ್ಟಿಗೆಯೊಡನೆ ಉಡುಗೊರೆ ಕೊಡುವ ಪದ್ಧತಿ ಇನ್ನೂ ಹಳೆಯದು. 1909ರಲ್ಲೇ ಕೆಲಾಗ್ಸ್ ಎರಡು ಪೆಟ್ಟಿಗೆ ಕೊಂಡವರಿಗೆ ಪ್ರಾಣಿಗಳ ಮೋಜಿನ ಚಿತ್ರಪುಸ್ತಕ ಕೊಟ್ಟಿತ್ತು. ಹಣ ಕೊಡುವವರು ದೊಡ್ಡವರಾದರೂ ಯಾವುದನ್ನು ಕೊಳ್ಳಬೇಕೆಂದು ಹಟ ಹಿಡಿಯುವವರು ಮಕ್ಕಳು ಎಂಬುದನ್ನು ಆ ಕಂಪನಿ ಅಷ್ಟು ಮೊದಲೇ ಅರಿತಿತ್ತು.

ತಾಯಂದಿರ ತಕರಾರು

1968ರಲ್ಲಿ ಬಾಸ್ಟನ್ ಸಮೀಪದ ನ್ಯೂಟನ್ ಊರಿನಲ್ಲಿ ಪೆಗ್ಗಿ ಚಾರನ್ ಮತ್ತು ಇತರ ಕೆಲವು ತಾಯಂದಿರು ‘ಆಕ್ಷನ್ ಫಾರ್ ಚಿಲ್ಡ್ರನ್ಸ್ ಟೆಲಿವಿಷನ್’ ಎಂಬ ಸಂಘಟನೆ ಕಟ್ಟಿದರು. 1970ರಲ್ಲಿ ರಾಬರ್ಟ್ ಚೋಟ್ ಎಂಬವರು ಸೆನೆಟ್ ಸಮಿತಿಯ ಮುಂದೆ 60 ಬಗೆಯ ಉಪಾಹಾರ ಧಾನ್ಯಗಳ ಪಟ್ಟಿಯನ್ನಿಟ್ಟು, ಅವುಗಳಲ್ಲಿ 40ರಲ್ಲಿ ಹೇಳಿಕೊಳ್ಳುವಂಥ ಪೋಷಕಾಂಶವಿಲ್ಲವೆಂದು ವಾದಿಸಿದರು. ಕಂಪನಿಗಳು ಅದನ್ನು ಅಲ್ಲಗಳೆದವು. ಆದರೆ ಅದರ ಬೆನ್ನಿಗೇ ತಿನಿಸುಗಳಿಗೆ ಜೀವಸತ್ವಗಳನ್ನು ಸೇರಿಸತೊಡಗಿದವು. ವಾರಾಂತ್ಯದ ಮಕ್ಕಳ ಕಾರ್ಯಕ್ರಮಗಳಲ್ಲಿ ಗಂಟೆಗೆ 16 ನಿಮಿಷಗಳಷ್ಟಿದ್ದ ಜಾಹೀರಾತು 1976ರ ವೇಳೆಗೆ ಒಂಬತ್ತೂವರೆ ನಿಮಿಷಕ್ಕಿಳಿಯಿತು.

1978ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಇನ್ನೂ ಕಠಿಣವಾದ ಪ್ರಸ್ತಾವವನ್ನು ಮುಂದಿಟ್ಟಿತು. ಜಾಹೀರಾತೆಂದರೇನೆಂದು ಅರಿಯದ ಎಳೆಯ ಮಕ್ಕಳನ್ನು ಗುರಿಯಾಗಿಸುವ ಎಲ್ಲ ಟಿ.ವಿ. ಜಾಹೀರಾತುಗಳನ್ನೂ ನಿಷೇಧಿಸಬೇಕು, ತುಸು ದೊಡ್ಡ ಮಕ್ಕಳಿಗೆ ಹಲ್ಲು ಕೆಡಿಸುವ ಸಕ್ಕರೆ ತಿನಿಸುಗಳ ಜಾಹೀರಾತು ತೋರಿಸಬಾರದು ಎಂಬುದು ಅದರ ಸಾರ. ಉದ್ಯಮ ಒಗ್ಗಟ್ಟಾಗಿ ಎದುರಿಸಿತು. ಪತ್ರಿಕೆಯೊಂದು ತನ್ನ ಸಂಪಾದಕೀಯದಲ್ಲಿ ಆಯೋಗವನ್ನು ‘ರಾಷ್ಟ್ರದ ದಾದಿ’ ಎಂದು ಗೇಲಿ ಮಾಡಿತು. 1980ರಲ್ಲಿ ಸಂಸತ್ತು ಆಯೋಗದ ಅಧಿಕಾರವನ್ನೇ ಮೊಟಕುಗೊಳಿಸಿತು; ಮರುವರ್ಷ ಪ್ರಸ್ತಾವ ಬಿದ್ದುಹೋಯಿತು. ಕೆಲವೇ ಕಂಪನಿಗಳು ಹಲವಾರು ಬ್ರಾಂಡ್‌ಗಳನ್ನು ಹೊರತಂದು ಹೊಸಬರಿಗೆ ಅಂಗಡಿಯ ಕಪಾಟಿನಲ್ಲಿ ಜಾಗವೇ ಇಲ್ಲದಂತೆ ಮಾಡಿವೆಯೆಂದು ಇದೇ ಆಯೋಗ 1972ರಲ್ಲಿ ಹೂಡಿದ್ದ ಏಕಸ್ವಾಮ್ಯದ ಮೊಕದ್ದಮೆಯೂ 1982ರಲ್ಲಿ ನಿಷ್ಫಲವಾಗಿ ಮುಗಿಯಿತು.

ಕಾಗದದ ಮೇಲೆ ಉದ್ಯಮ ಗೆದ್ದಿತ್ತು. ಆದರೂ 1980ರ ದಶಕದಲ್ಲಿ ಪೆಟ್ಟಿಗೆಗಳ ಮೇಲಿನ ‘ಶುಗರ್’ ಪದ ಒಂದೊಂದಾಗಿ ಮಾಯವಾಯಿತು. ‘ಶುಗರ್ ಸ್ಮ್ಯಾಕ್ಸ್’ ‘ಹನಿ ಸ್ಮ್ಯಾಕ್ಸ್’ ಆಯಿತು. ‘ಶುಗರ್ ಕ್ರಿಸ್ಪ್’ ‘ಗೋಲ್ಡನ್ ಕ್ರಿಸ್ಪ್’ ಆಯಿತು. ಹೆಸರು ಹೋದರೂ ಸಕ್ಕರೆ ಉಳಿಯಿತು. 2011ರಲ್ಲಿ ಪರಿಸರ ಸಂಘಟನೆಯೊಂದು ಲೆಕ್ಕ ಹಾಕಿದಾಗ ‘ಹನಿ ಸ್ಮ್ಯಾಕ್ಸ್’ನ ತೂಕದಲ್ಲಿ ಶೇಕಡ 56ರಷ್ಟು ಸಕ್ಕರೆಯೇ ಇತ್ತು. ಧಾನ್ಯಕ್ಕಿಂತ ಸಕ್ಕರೆಯೇ ಹೆಚ್ಚಿರುವ ಪದಾರ್ಥವನ್ನು ಧಾನ್ಯವೆಂದು ಮಾರುವುದು ಹೇಗೆ ಸರಿ ಎಂಬ ಪ್ರಶ್ನೆಯನ್ನು ಈಗ ಕೇಳುತ್ತಿದ್ದವರಲ್ಲಿ ಅದನ್ನು ತಿಂದೇ ಬೆಳೆದವರೂ ಇದ್ದರು.

ಸಂಪ್ರದಾಯ ಮುಗಿದ ಬಗೆ

ಶನಿವಾರದ ಬೆಳಗನ್ನು ಮುಗಿಸಿದ್ದು ಯಾವುದೋ ಒಂದು ಕಾರಣವಲ್ಲ. 1979ರಲ್ಲಿ ನಿಕಲೋಡಿಯನ್, 1992ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಎಂಬ ಕೇಬಲ್ ವಾಹಿನಿಗಳು ಬಂದವು. ಬೇಕೆಂದಾಗ ಸಿಗುವುದಕ್ಕಾಗಿ ಶನಿವಾರದವರೆಗೆ ಕಾಯುವವರು ಯಾರು? 1990ರ ಮಕ್ಕಳ ದೂರದರ್ಶನ ಕಾಯ್ದೆ ವಾರಾಂತ್ಯದ ಜಾಹೀರಾತಿಗೆ ಗಂಟೆಗೆ ಹತ್ತೂವರೆ ನಿಮಿಷಗಳ ಮಿತಿ ಹಾಕಿತು. ವಾರಕ್ಕೆ ಮೂರು ಗಂಟೆ ಶೈಕ್ಷಣಿಕ ಕಾರ್ಯಕ್ರಮ ನೀಡಬೇಕೆಂಬ ನಿಯಮ 1996ರಲ್ಲಿ ಬಂತು. ಎನ್‌ಬಿಸಿ ಜಾಲ 1992ರಲ್ಲೇ ಕಾರ್ಟೂನ್ ಬಿಟ್ಟು ಬೆಳಗಿನ ಸುದ್ದಿ ಕಾರ್ಯಕ್ರಮಕ್ಕೆ ಹೊರಳಿತು. ಲೆಕ್ಕ ಹೊಂದದ ಗಳಿಗೆಯನ್ನು ಉಳಿದ ಜಾಲಗಳೂ ಒಂದೊಂದಾಗಿ ಬಿಟ್ಟವು. ಯಾವ ಲೆಕ್ಕಾಚಾರ ಆ ಬೆಳಗನ್ನು ಕಟ್ಟಿತ್ತೋ ಅದೇ ಲೆಕ್ಕಾಚಾರ ಅದನ್ನು ಕೆಡವಿತು.

ನೆನಪಿನ ಮಾರುಕಟ್ಟೆ

ಮುಗಿದದ್ದು ಪ್ರಸಾರ ಮಾತ್ರ. ‘ಜರ್ನಲ್ ಆಫ್ ಕನ್ಸ್ಯೂಮರ್ ರಿಸರ್ಚ್’ ಪತ್ರಿಕೆಯಲ್ಲಿ 2014ರಲ್ಲಿ ಪ್ರಕಟವಾದ ಮೂವರು ಸಂಶೋಧಕರ ಅಧ್ಯಯನವೊಂದು ಇಲ್ಲಿ ಉಲ್ಲೇಖನೀಯ. ಬಾಲ್ಯದಲ್ಲಿ ಜಾಹೀರಾತಿನ ಪಾತ್ರವೊಂದನ್ನು ಮೆಚ್ಚಿದವರು ದೊಡ್ಡವರಾದ ಮೇಲೂ ಆ ಪಾತ್ರದ ತಿನಿಸನ್ನು ಇರುವುದಕ್ಕಿಂತ ಹೆಚ್ಚು ಆರೋಗ್ಯಕರವೆಂದು ಭಾವಿಸುವುದು ಅದರಲ್ಲಿ ಕಂಡುಬಂತು. ಮಗುವಿನ ಮನಸ್ಸಿನಲ್ಲಿ ಬಿತ್ತಿದ್ದು ಆ ಮಗು ತಾನೇ ಹಣ ಎಣಿಸುವ ವಯಸ್ಸಿಗೆ ಬಂದಾಗಲೂ ಫಲ ಕೊಡುತ್ತದೆ ಎಂಬುದಕ್ಕೆ ಇದು ಪುರಾವೆ.

ಈ ಫಸಲನ್ನು ಕೊಯ್ಯುವ ಬಗೆಗಳು ಹಲವು. ಜನರಲ್ ಮಿಲ್ಸ್ 1971ರಲ್ಲಿ ಆರಂಭಿಸಿದ, ರಾಕ್ಷಸರ ಚಿತ್ರವಿರುವ ಸಿಹಿಧಾನ್ಯಗಳನ್ನು 2010ರಿಂದ ಹ್ಯಾಲೋವೀನ್ ಹಬ್ಬದ ಋತುವಿನಲ್ಲಿ ಮಾತ್ರ ಮಾರುತ್ತದೆ. ವರ್ಷಕ್ಕೊಮ್ಮೆ ಮಾತ್ರ ಸಿಗುವುದರಿಂದ ಹಳೆಯ ಕಾಯುವಿಕೆ ಮರಳಿ ಹುಟ್ಟುತ್ತದೆ. 2006ರಲ್ಲಿ ನಿಲ್ಲಿಸಿದ್ದ ‘ಫ್ರೆಂಚ್ ಟೋಸ್ಟ್ ಕ್ರಂಚ್’ ಅನ್ನು ಗ್ರಾಹಕರ ಒತ್ತಾಯದ ಮೇರೆಗೆ 2014ರಲ್ಲಿ ಮತ್ತೆ ತರಲಾಯಿತು. ಹಳೆಯ ಕಾರ್ಟೂನ್‌ಗಳನ್ನೇ ತೋರಿಸುವ ‘ಮಿಟಿವಿ ಟೂನ್ಸ್’ ಎಂಬ ವಾಹಿನಿ 2024ರ ಜೂನ್‌ನಲ್ಲಿ ಆರಂಭವಾಯಿತು.

‘ಟ್ರಿಕ್ಸ್’ನ ಪ್ರಸಂಗ ಇವೆಲ್ಲಕ್ಕಿಂತ ಬೋಧಪ್ರದವಾದದ್ದು. ಕೃತಕ ಬಣ್ಣ ಬೇಡವೆಂಬ ಕೂಗಿಗೆ ಮಣಿದು ಜನರಲ್ ಮಿಲ್ಸ್ 2016ರಲ್ಲಿ ಹಣ್ಣು ತರಕಾರಿಗಳ ಬಣ್ಣ ಬಳಸಿದ ಟ್ರಿಕ್ಸ್ ತಂದಿತು. ಬಣ್ಣ ಮಂಕಾಯಿತು, ನೀಲಿ ಇಲ್ಲವೇ ಇಲ್ಲವಾಯಿತು. ಇದು ತಮ್ಮ ಬಾಲ್ಯದ ಟ್ರಿಕ್ಸ್ ಅಲ್ಲವೆಂದು ಗ್ರಾಹಕರು ದೂರಿದರು. 2017ರಲ್ಲಿ ಕಂಪನಿ ಕೃತಕ ಬಣ್ಣದ ಹಳೆಯ ಟ್ರಿಕ್ಸ್ ಅನ್ನೂ ಮಾರುಕಟ್ಟೆಗೆ ಮರಳಿ ತಂದಿತು. ಆದರೆ 2025ರಲ್ಲಿ ಅಮೆರಿಕದ ಸರ್ಕಾರ ಪೆಟ್ರೋಲಿಯಂ ಮೂಲದ ಆಹಾರ ಬಣ್ಣಗಳನ್ನು ಹಂತಹಂತವಾಗಿ ಕೈಬಿಡುವಂತೆ ಒತ್ತಾಯಿಸಿದಾಗ ಅದೇ ಕಂಪನಿ ತನ್ನೆಲ್ಲ ಉಪಾಹಾರ ಧಾನ್ಯಗಳಿಂದ ಅಂಥ ಬಣ್ಣ ತೆಗೆಯುವುದಾಗಿ ಮಾತು ಕೊಡಬೇಕಾಯಿತು. ಬದಲಿಸಿದರೆ ನೆನಪು ಮುನಿಯುತ್ತದೆ, ಬದಲಿಸದಿದ್ದರೆ ಕಾಲ ಮುನಿಯುತ್ತದೆ. 1906ರಲ್ಲಿ ಬ್ಯಾಟಲ್ ಕ್ರೀಕ್‌ನಲ್ಲಿ ಹುಟ್ಟಿದ ಕೆಲಾಗ್ ಕಂಪನಿ 2023ರಲ್ಲಿ ಎರಡಾಗಿ ಒಡೆಯಿತು. ಉತ್ತರ ಅಮೆರಿಕದ ಧಾನ್ಯ ವ್ಯವಹಾರವನ್ನು 2025ರಲ್ಲಿ ಇಟಲಿಯ ಮಿಠಾಯಿ ತಯಾರಕರಾದ ಫೆರೆರೋ ಸುಮಾರು 310 ಕೋಟಿ ಡಾಲರ್‌ಗೆ ಕೊಂಡರು.

ನಮ್ಮ ವರ್ತಕರು ಗಮನಿಸಬೇಕಾದದ್ದು

ಈ ಬಟ್ಟಲು ಭಾರತಕ್ಕೆ ಬಂದಾಗ ನೆನಪಿನ ಬೆಂಬಲವಿಲ್ಲದೆ ಬಂತು. 1994ರಲ್ಲಿ ಭಾರತಕ್ಕೆ ಕಾಲಿಟ್ಟ ಕೆಲಾಗ್ಸ್‌ನ ಕಾರ್ನ್‌ಫ್ಲೇಕ್ಸ್‌ಗೆ ಇಲ್ಲಿನವರು ರೂಢಿಯಂತೆ ಬಿಸಿ ಹಾಲು ಹೊಯ್ದರು. ಗರಿಗರಿಯ ಪದರು ಮೆತ್ತಗಾಯಿತು. ಮಾರಾಟ ನಿರೀಕ್ಷೆ ಮುಟ್ಟಲಿಲ್ಲ. ಆಮೇಲೆ ಕಂಪನಿ ‘ಚಾಕೋಸ್’ ಮೂಲಕ ಮಕ್ಕಳತ್ತ ತಿರುಗಿತು. ಅದೇ ದಶಕದಲ್ಲಿ ಕನ್ನಡ ನಾಡಿನ ಮಕ್ಕಳು ಭಾನುವಾರ ದೂರದರ್ಶನದಲ್ಲಿ ಹಿಂದಿಗೆ ಡಬ್ ಆದ ‘ಡಕ್‌ಟೇಲ್ಸ್’ ನೋಡಲು ಕಾದು ಕೂತರು. ಅವರ ಕೈಯಲ್ಲಿದ್ದ ತಟ್ಟೆ ಮಾತ್ರ ದೋಸೆಯದೋ ಅವಲಕ್ಕಿಯದೋ ಆಗಿತ್ತು. ಇಂದು ಮೂವತ್ತು, ನಲವತ್ತು ದಾಟಿರುವ ಈ ತಲೆಮಾರಿನ ಕೈಯಲ್ಲಿ ಈಗ ಕೊಳ್ಳುವ ಶಕ್ತಿಯಿದೆ. ಅವರ ಬಾಲ್ಯದ ಪೆಪ್ಪರ್‌ಮಿಂಟು, ಕಡಲೆಮಿಠಾಯಿ, ಕೋಡುಬಳೆಗಳನ್ನು ಇಂದಿಗೂ ಅದೇ ರುಚಿಯಲ್ಲಿ ತಯಾರಿಸುತ್ತಿರುವ ಸಣ್ಣ ಉದ್ಯಮಿಗಳ ಬಳಿ ಹಣ ಕೊಟ್ಟು ಪಡೆಯಲಾಗದ ಆಸ್ತಿಯೊಂದಿದೆ. ಹೊದಿಕೆಯ ಬಣ್ಣ, ಅಕ್ಷರದ ರೂಪ, ತಿನಿಸಿನ ಆಕಾರಗಳನ್ನು ಬದಲಿಸುವ ಮುನ್ನ ಟ್ರಿಕ್ಸ್‌ನ ಪ್ರಸಂಗವನ್ನು ನೆನೆಯುವುದು ಲೇಸು.

ಕಾನೂನಿನ ಮಾತೂ ಇದೆ. ಶಾಲೆಯ ಆವರಣದೊಳಗೂ ಅದರ ಸುತ್ತ 50 ಮೀಟರ್ ಅಂತರದಲ್ಲೂ ಕೊಬ್ಬು, ಉಪ್ಪು, ಸಕ್ಕರೆ ಅಧಿಕವಿರುವ ಆಹಾರಗಳ ಮಾರಾಟ ಮತ್ತು ಜಾಹೀರಾತನ್ನು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳು ತಡೆಯುತ್ತವೆ. ಚಿಪ್ಸ್, ಸೋಡಾ ಪಾನೀಯಗಳಂಥ ಜಂಕ್ ತಿನಿಸುಗಳನ್ನು ಮಕ್ಕಳ ಕಾರ್ಯಕ್ರಮಗಳ ನಡುವೆ ಅಥವಾ ಮಕ್ಕಳಿಗೆಂದೇ ಇರುವ ವಾಹಿನಿಗಳಲ್ಲಿ ಜಾಹೀರು ಮಾಡಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಹೇಳುತ್ತದೆ. 1978ರಲ್ಲಿ ಅಮೆರಿಕದ ಆಯೋಗ ಬಯಸಿಯೂ ತರಲಾಗದ ನಿರ್ಬಂಧಕ್ಕೆ ಹತ್ತಿರವಾದದ್ದು ಭಾರತದಲ್ಲಿ ಈಗ ಜಾರಿಯಲ್ಲಿದೆ. ಮಕ್ಕಳ ತಿನಿಸು ತಯಾರಿಸುವವರು ತಮ್ಮ ಲೇಬಲ್ಲು, ಉಚಿತ ಆಟಿಕೆ, ಜಾಹೀರಾತಿನ ವಿಷಯದಲ್ಲಿ ಈ ನಿಯಮಗಳನ್ನು ಇಂದೇ ಓದಿಕೊಳ್ಳುವುದು ವಿವೇಕ.

ಅಮೆರಿಕದ ಆ ತಲೆಮಾರು ಇಂದಿಗೂ ಹುಲಿಯ ಚಿತ್ರ ಕಂಡರೆ ಮುಗುಳುನಗುತ್ತದೆ. ಆದರೆ ಪೆಟ್ಟಿಗೆಯನ್ನು ತಿರುಗಿಸಿ ಸಕ್ಕರೆಯ ಪ್ರಮಾಣವನ್ನು ಓದಿ, ತನ್ನ ಮಗುವಿಗೆ ಕೊಡಬೇಕೇ ಬೇಡವೇ ಎಂದು ಯೋಚಿಸುತ್ತದೆ. ನಮ್ಮ ಊರಿನ ಅಂಗಡಿಯಲ್ಲಿ ಇಂದು ಐದು ರೂಪಾಯಿಯ ಪೊಟ್ಟಣ ಕೊಳ್ಳುವ ಮಗುವೂ ಮೂವತ್ತು ವರ್ಷಗಳ ನಂತರ ತನ್ನ ಮಗುವಿನ ಕೈಹಿಡಿದು ಅದೇ ಕಪಾಟಿನ ಮುಂದೆ ನಿಲ್ಲುತ್ತದೆ. ಆಗ ಅದು ಪೊಟ್ಟಣದ ಹಿಂಬದಿಯನ್ನು ಓದಿಯೂ ನಿಶ್ಚಿಂತೆಯಿಂದ ಕೊಳ್ಳುವಂತಿರಬೇಕಾದರೆ, ಒಳಗಿನ ಪದಾರ್ಥದ ಬಗೆಗಿನ ಎಚ್ಚರ ಇಂದಿನ ತಯಾರಿಕೆಯಲ್ಲೇ ಇರಬೇಕಾಗುತ್ತದೆ.